ಮುಟ್ಟದ ಬೆಲ್ಲನೀರು

ಕಾರ್ಕಳದಿಂದ ನಿಶ್ಚಿತಾರ್ಥಕ್ಕೆ ಬಂದ ಗಂಡಿನ ಕಡೆಯ ಹೆಂಗಸರು ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡರು, ನೀರನ್ನು ಮಾತ್ರ ಮುಟ್ಟಲಿಲ್ಲ. ತುಂಬಿದ ಲೋಟಗಳು ತುಂಬಿದ ಹಾಗೆಯೇ ಅಡುಗೆಮನೆಗೆ ವಾಪಸ್ಸು ಬಂದವು. ಎಪ್ಪತ್ತೆಂಟನೇ ಇಸವಿಯ ಏಪ್ರಿಲ್ ಬಿಸಿಲು. ಅಲೆವೂರಿನವರೆಗೆ ಬಸ್ಸಿನಲ್ಲಿ ಬೆವರಿ ಬಂದವರು! ಹೆಣ್ಣಿನ ಅಪ್ಪ ವಿಠಲ ಆ ಲೋಟಗಳನ್ನೇ ನೋಡುತ್ತಾ ನಿಂತ. ಬಂದವರಿಗೆ ಮೊದಲು ಬೆಲ್ಲನೀರು ಕೊಡುವುದು ಊರಿನ ಪದ್ಧತಿ. ಅದನ್ನು ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ.

ಅವನು ಹೆಂಡತಿಯನ್ನು ಅಡುಗೆಮನೆಯ ಮೂಲೆಗೆ ಕರೆದ. “ನೋಡಿದೆಯಾ ಮಾರಾಯ್ತಿ? ಅವರಿಗೆ ಸಂಬಂಧ ಮನಸ್ಸಿಗೆ ಬಂದಿಲ್ಲ. ಮಗಳ ಗತಿ ಎಂತ ಇನ್ನು?”

ಮನೋರಮಾ ಅವನನ್ನೇ ನೋಡಿದಳು. “ಸಂಬಂಧಕ್ಕೆ ಎಂತದೂ ಆಗಲಿಲ್ಲ. ಕುಡಿದರೆ ಆಮೇಲೆ ಹೋಗುವುದೆಲ್ಲಿಗೆ? ನೆಂಟರ ಮನೆಗೆ ಹೊರಟರೆ ನಾವು ಹೆಂಗಸರು ಬೆಳಿಗ್ಗೆಯಿಂದಲೇ ನೀರು ಬಿಡುತ್ತೇವೆ. ನಿಮಗೆ ಇಷ್ಟು ವರ್ಷ ಗೊತ್ತಾಗಲಿಲ್ಲವಾ? ಮದುವೆಗೆ ಹಿಂದುಗಡೆ ಒಂದು ಕಕ್ಕಸು ಕಟ್ಟಿಸಿ ಅಂತ ಶಿವರಾತ್ರಿಯಿಂದ ಹೇಳುತ್ತಾ ಇದ್ದೇನೆ.”

“ದಿಬ್ಬಣ ಬರುವಲ್ಲಿ ಕಕ್ಕಸಾ? ಶುಭಕಾರ್ಯದ ಮನೆ ಇದು. ಊರಿಡೀ ನಗಾಡೀತು. ಒಂದು ದಿನಕ್ಕೆ ಗುಡ್ಡೆ ಸಾಕಾಗುವುದಿಲ್ಲವಾ?”

ಮದುವೆಗೆ ಮೈಕ್ ಸೆಟ್ಟು, ಬಣ್ಣದ ಬಲ್ಬಿನ ಕಮಾನು ಎಂದು ವಾರಗಟ್ಟಲೆ ಓಡಾಡಿದವನು ಅವನು. ಮನೋರಮಾ ಆ ಲೋಟಗಳ ನೀರನ್ನು ಒಂದೊಂದಾಗಿ ಹೊರಗೆ ಚೆಲ್ಲಿದಳು.

ಮುಚ್ಚಂಜೆಗೆ ತಾಂಬೂಲ ಬದಲಾಯಿಸಲು ಎಲ್ಲರೂ ಚಾವಡಿಯಲ್ಲಿ ಕುಳಿತರು. ಗಂಡಿನ ತಾಯಿ ಗುಣವತಿ ಸುತ್ತಮುತ್ತ ಕಣ್ಣಾಡಿಸಿದಳು. “ನಮ್ಮ ಅತ್ತೆ ಎಲ್ಲಿ? ಈಗ ಇಲ್ಲೇ ಇದ್ದರಲ್ಲ?”

ಗುಣವತಿಯ ಅತ್ತೆ ಅಪ್ಪಿ ಅಜ್ಜಿ ಒಳಗೂ ಇಲ್ಲ, ಅಂಗಳದಲ್ಲೂ ಇಲ್ಲ. ಮನೋರಮಾ ಹಿತ್ತಿಲ ಕಡೆ ಕೈ ತೋರಿದಳು. “ದೇವರೇ, ಹಿಂದೆ ಕೋರೆ ಉಂಟಲ್ಲ!”

ವಿಠಲ ಎದ್ದು ನಿಂತ. ಗೇರುಮರಗಳ ಆಚೆ ಮುರಕಲ್ಲು ಕಡಿದು ಬಿಟ್ಟುಹೋದ ಹಳೆಯ ಕೋರೆ, ಎರಡಾಳು ಆಳ, ಬೇಲಿಯೂ ಇಲ್ಲ. ಹೋದ ಮಳೆಗಾಲದಲ್ಲಿ ಅವನದೇ ಹಸು ಅದರಲ್ಲಿ ಬಿದ್ದು ಸತ್ತಿತ್ತು. ಟಾರ್ಚ್ ಹಿಡಿದು ಓಡಿದ. ಒಣಗಿದ ಗೇರೆಲೆ ಕಾಲಡಿಯಲ್ಲಿ ಸದ್ದು ಮಾಡಿದಾಗಲೆಲ್ಲ ಅವನೇ ಬೆಚ್ಚಿದ. ಕೋರೆಯ ಅಂಚಿನಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಒಂದೇ.

ಕೆಳಗೆ ಬೆಳಕು ಬಿಡಲು ಅವನಿಗೆ ಧೈರ್ಯ ಬರಲಿಲ್ಲ. ಹಸುವಿನ ಕಣ್ಣು ನೆನಪಾಯಿತು. ಅಜ್ಜಿಗೆ ಏನಾದರೂ ಆದರೆ ಸಂಬಂಧ ಉಳಿಯುವುದು ಹಾಗಿರಲಿ, ತಾನು ಯಾರಿಗೆ ಮುಖ ತೋರಿಸಲಿ!

“ಯಾರದು?” ಸಣ್ಣ ಸ್ವರ ಕೇಳಿತು.

ಕಲ್ಲು ಕಡಿದು ಉಳಿದ ಮೆಟ್ಟಿಲಿನಂಥ ಜಾಗದಲ್ಲಿ, ಅಂಚಿನಿಂದ ತುಸು ಕೆಳಗೆ, ಅಜ್ಜಿ ಒಂದು ಬೇರು ಹಿಡಿದು ಕುಳಿತಿದ್ದರು. ವಿಠಲ ಬೋರಲು ಮಲಗಿ, ಎರಡೂ ಕೈ ಚಾಚಿ, ಅವರನ್ನು ಮೇಲೆಳೆದುಕೊಂಡ.

“ಯಾರಿಗೂ ಹೇಳಬೇಡ ಮಗಾ,” ಎಂದರು ಅಜ್ಜಿ, ಸೀರೆ ಸರಿಪಡಿಸಿಕೊಳ್ಳುತ್ತಾ. “ಕತ್ತಲಾಗುವವರೆಗೆ ತಡೆದುಕೊಂಡೆ. ಬೆಳಿಗ್ಗೆ ಅರ್ಧ ಗ್ಲಾಸು ಚಾ ಕುಡಿದಿದ್ದೆ. ಅದನ್ನೂ ಕುಡಿಯಬಾರದಿತ್ತು. ತಪ್ಪು ನನ್ನದೇ.”

ವಿಠಲ ಚಪ್ಪಲಿ ಹೆಕ್ಕಿ, ಬಗ್ಗಿ ಅವರ ಕಾಲಿಗೆ ತೊಡಿಸಿದ. ಚಾವಡಿಯಲ್ಲಿ, ಅಜ್ಜಿ ತೋಟ ನೋಡುತ್ತಾ ಇದ್ದರು ಎಂದಷ್ಟೇ ಹೇಳಿದ. ತಾಂಬೂಲ ಬದಲಾಯಿತು, ಎಲ್ಲರೂ ನಕ್ಕರು. ಅವನಿಗೆ ಮಾತ್ರ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಹಿಂದೆ ಹಾರೆಯ ಸದ್ದು ಕೇಳಿ ನೆರೆಮನೆಯ ಆಲ್ಫೋನ್ಸ್ ಬೇಲಿಯ ಹತ್ತಿರ ಬಂದ. “ಎಂತ ವಿಠಲಣ್ಣ, ಬಾವಿ ತೋಡುವುದಾ?”

“ಅಲ್ಲ ಮಾರಾಯ, ಕಕ್ಕಸು. ಮದುವೆಗೆ ಬರುವ ಹೆಂಗಸರಿಗೆ.” ವಿಠಲ ಅದನ್ನು ಗಟ್ಟಿಯಾಗಿಯೇ ಹೇಳಿದ.

ಆಲ್ಫೋನ್ಸನಿಗೆ ನಗು ಬಂತು. ನಕ್ಕವನು ಅಲ್ಲೇ ನಿಂತ. “ನಮ್ಮ ಮನೆಯವಳು ಬರ್ತಾ ಕೂಡ ಮದುವೆಗೆ ಬರುವವಳೇ ಅಲ್ವಾ,” ಎಂದ. ಸ್ವಲ್ಪ ಹೊತ್ತಿನಲ್ಲಿ ತನ್ನ ಹಾರೆ ಹಿಡಿದುಕೊಂಡು ಬಂದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೋರಮಾ ಇಬ್ಬರಿಗೂ ಚಾ ಇಡಲು ಒಳಗೆ ಹೋದಳು. ಸಂಜೆಗೆ ಇಬ್ಬರೂ ಸೇರಿ ಕೋರೆಯ ಸುತ್ತ ಬಿದಿರಿನ ಬೇಲಿಯನ್ನೂ ಹಾಕಿದರು.

ಮೇ ತಿಂಗಳಲ್ಲಿ ದಿಬ್ಬಣ ಬಂತು. ಮೈಕ್ ಸೆಟ್ಟು ಕೂಗುತ್ತಲೇ ಇತ್ತು. ಅದೊಂದು ಆಸೆಯನ್ನು ವಿಠಲನಿಂದ ಬಿಡಲಾಗಿರಲಿಲ್ಲ. ಕಮಾನಿಗೆಂದು ಗೊತ್ತುಮಾಡಿದ್ದ ಬಲ್ಬುಗಳು ಮಾತ್ರ ಮನೆಯ ಹಿಂದುಗಡೆಯ ದಾರಿಗೆ ಹೋಗಿದ್ದವು. ಅಲ್ಲಿ ಹೆಣೆದ ತೆಂಗಿನ ಮಡಲಿನ ಮರೆ, ಹಂಡೆ ತುಂಬ ನೀರು.

ಚಪ್ಪರದ ಬಾಗಿಲಲ್ಲಿ ಬೆಲ್ಲನೀರಿನ ತಟ್ಟೆಯನ್ನು ವಿಠಲನೇ ಹಿಡಿದು ನಿಂತಿದ್ದ. ಅಪ್ಪಿ ಅಜ್ಜಿ ಬೆಲ್ಲ ತೆಗೆದುಕೊಂಡರು, ಲೋಟದತ್ತ ಚಾಚಿದ ಕೈಯನ್ನು ತಡೆದರು. ಮನೋರಮಾ ಹತ್ತಿರ ಬಂದು ಮೆಲ್ಲಗೆ, “ಅಜ್ಜಿ, ಹಿಂದೆ ಎಲ್ಲ ವ್ಯವಸ್ಥೆ ಉಂಟು,” ಎಂದಳು.

ಅಜ್ಜಿ ವಿಠಲನ ಮುಖ ನೋಡಿದರು. ಲೋಟ ಎತ್ತಿ ಒಂದೇ ಉಸಿರಿಗೆ ಗಟಗಟ ಕುಡಿದರು. ಅವರ ಹಿಂದೆ ನಿಂತಿದ್ದ ಗುಣವತಿಯೂ ಲೋಟಕ್ಕೆ ಕೈಹಾಕಿದಳು.

“ಇನ್ನೊಂದು ಲೋಟ ಕೊಡು ಮಗಾ,” ಎಂದರು ಅಜ್ಜಿ.