ಫೈಲಿನ ಹೆಸರಿನಲ್ಲಿ ಏಳು ನಿಮಿಷ

ತಾತನ ಹೊಟ್ಟೆಯೊಳಗೆ ಮಗುವೊಂದು ಕಾಲು ಮಡಚಿ ಮಲಗಿತ್ತು.

ಸ್ಕ್ರಿಪ್ಟಕ್ಕ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ರಿಜಿಸ್ಟರಿನಲ್ಲಿ ಒಂಬತ್ತು ನಲವತ್ತರ ಎದುರಿಗೆ ಎಪ್ಪತ್ತೆರಡು ವರ್ಷದ ಅಜ್ಜನ ಹೆಸರಿತ್ತು. ಫೈಲಿನ ಹೆಸರಿನಲ್ಲೂ ಇವತ್ತಿನ ತಾರೀಖು, ಒಂಬತ್ತು ನಲವತ್ತು. ತೆರೆದರೆ ಮಗು!

"ಅಣ್ಣಾ, ಸ್ವಲ್ಪ ಇಲ್ಲಿ ಬನ್ನಿ."

ಸ್ಕ್ಯಾನ್ ತೆಗೆಯುವ ಟೆಕ್ನಿಷಿಯನ್ ಕೈಗೆ ಮೆತ್ತಿದ ಜೆಲ್ ಒರೆಸಿಕೊಳ್ಳುತ್ತ ಬಂದು ಇಣುಕಿದ. "ಅಯ್ಯಯ್ಯೋ, ತಾತನಿಗೆ ಎಷ್ಟನೇ ತಿಂಗಳು? ಅಜ್ಜಿಗೆ ಗೊತ್ತಾ ವಿಷಯ?"

ಅವಳೂ ನಕ್ಕಳು. ಆದರೆ ಕಣ್ಣು ಮತ್ತೆ ರಿಜಿಸ್ಟರಿನತ್ತ ಹೋಯಿತು.

ಆಸ್ಪತ್ರೆಯ ಹಳೇ ಯಂತ್ರ ತೆಗೆದ ಚಿತ್ರಗಳಿಗೆಲ್ಲ ಬರೀ ನಂಬರು ಹಾಕುತ್ತಿತ್ತೇ ಹೊರತು ರೋಗಿಯ ಹೆಸರು ಹಾಕುತ್ತಿರಲಿಲ್ಲ. ಒಂದೊಂದಕ್ಕೂ ಹೆಸರು ಟೈಪ್ ಮಾಡಿ ಮಾಡಿ ಬೆರಳು ಸವೆದವಳು, ಫೋನಿನಲ್ಲಿ ವಿಡಿಯೋ ನೋಡಿ ತಾನೇ ಕಲಿತು ಹನ್ನೆರಡು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟದೊಂದು ಕಂಪ್ಯೂಟರ್ ಪ್ರೋಗ್ರಾಮು, ಬರೆದಿದ್ದಳು. ಚಿತ್ರ ಕಂಪ್ಯೂಟರಿಗೆ ಬಂದು ಬೀಳುತ್ತಲೇ ಅದರ ಹೆಸರಿಗೆ ತಾರೀಖು, ಗಂಟೆ, ನಿಮಿಷ ತಾನಾಗಿ ಅಂಟಿಕೊಳ್ಳುತ್ತಿತ್ತು. ಟೆಕ್ನಿಷಿಯನ್ ರಿಜಿಸ್ಟರಿನಲ್ಲಿ ಬರೆದ ವೇಳೆಗೆ ಅದನ್ನು ತಾಳೆ ಹಾಕಿ ಡಾಕ್ಟರಿಗೆ ಕಳಿಸಿದರೆ ಅವಳ ಕೆಲಸ ಮುಗಿಯಿತು. ಅಂದಿನಿಂದಲೇ ಎಲ್ಲರ ಬಾಯಲ್ಲೂ ಅವಳು ಸ್ಕ್ರಿಪ್ಟಕ್ಕ.

"ತಾತ ಎದ್ದ ಮೇಲೆ ಯಾರು ಮಲಗಿದ್ದು?"

"ಆ ಬಸುರಿ ಹೆಂಗಸು. ಒಂಬತ್ತು ನಲವತ್ತೇಳಕ್ಕೆ."

"ಟೈಮು ಯಾವುದು ನೋಡಿ ಬರೀತೀರಿ?"

"ಯಾವುದು ಅಂದ್ರೆ? ಗೋಡೆ ಗಡಿಯಾರ. ಇಪ್ಪತ್ತು ವರ್ಷದಿಂದ ಅದೇ ತಾನೆ."

ಅವಳು ತಲೆಯೆತ್ತಿದಳು. ಗೋಡೆಯ ಗಡಿಯಾರದಲ್ಲಿ ಹತ್ತು ಹನ್ನೆರಡು. ಕಂಪ್ಯೂಟರಿನ ಮೂಲೆಯಲ್ಲಿ ಹತ್ತು ಐದು.

ಬಾಗಿಲಲ್ಲಿ ಹಾದುಹೋಗುತ್ತಿದ್ದ ಹೆಡ್ ನರ್ಸ್ ನಿಂತು ಹೆಮ್ಮೆಯಿಂದ ಹೇಳಿದಳು, "ಅದಾ? ನಾನೇ ನಿನ್ನೆ ಬೆಳಗ್ಗೆ ಏಳು ನಿಮಿಷ ಮುಂದಿಟ್ಟೆ. ಎಲ್ಲಾ ಆಡ್ತಾ ಹಾಡ್ತಾ ಬರ್ತೀರಲ್ಲ, ಇವತ್ತು ನೋಡು, ಒಬ್ಬರಾದ್ರೂ ಲೇಟಾದ್ರಾ?"

ಸ್ಕ್ರಿಪ್ಟಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಸ್ಕ್ಯಾನಿಗೆ ಹಿಡಿಯುವುದೂ ಹೆಚ್ಚುಕಡಿಮೆ ಏಳೇ ನಿಮಿಷ. ಅಂದರೆ ನಿನ್ನೆ ಪ್ರತಿಯೊಬ್ಬರಿಗೂ ಅವರ ನಂತರ ಬಂದವರ ಚಿತ್ರ ಹೋಗಿದೆ. ನಿನ್ನೆಯ ಮೊದಲ ಫೈಲನ್ನು ಯಂತ್ರ ಪರೀಕ್ಷಿಸಲು ತೆಗೆದದ್ದಿರಬೇಕೆಂದು ಪಕ್ಕಕ್ಕಿಟ್ಟಿದ್ದಳು. ಕೊನೆಯವರ ಚಿತ್ರ ಸಿಗದೆ, ಯಂತ್ರ ನುಂಗಿತೆಂದು ಬೈದು ಮತ್ತೊಮ್ಮೆ ಮಲಗಿಸಿ ತೆಗೆಸಿದ್ದಳು. ಸುಳಿವು ಕಣ್ಣೆದುರಿಗೇ ಕುಣಿದಿತ್ತು, ತಾನು ಮಾತ್ರ ಕುರುಡಿಯಾಗಿದ್ದಳು.

ನಿನ್ನೆಯ ಪುಟ ತಿರುವಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಹೊಟ್ಟೆನೋವೆಂದು ಬಂದಿದ್ದ ಟೈಲರಮ್ಮ. ಪಿತ್ತಕೋಶದಲ್ಲಿ ಕೀವು ತುಂಬಿದೆ, ತಕ್ಷಣ ತೆಗೆಯಬೇಕು ಎಂದು ಸಂಜೆಯೇ ಡಾಕ್ಟರು ಬರೆದುಕೊಟ್ಟಿದ್ದರು. ಆಪರೇಷನ್ ಇವತ್ತು, ಹತ್ತೂಕಾಲಿಗೆ.

"ಅಣ್ಣಾ, ಆ ಕೀವಿನ ಚಿತ್ರ ಟೈಲರಮ್ಮನದ್ದಲ್ಲ! ಸುಮ್ನೆ ಕೊಯ್ತಾರೆ!"

ಟೆಕ್ನಿಷಿಯನ್ ಅವಳ ಕೈಯಿಂದ ರಿಜಿಸ್ಟರು ಕಿತ್ತುಕೊಂಡ. "ಓಡು ತಂಗಿ."

ಅವಳು ಮೆಟ್ಟಿಲು ಹತ್ತಿ ಓಡಿದಳು. ಎರಡನೇ ತಿರುವಿನಲ್ಲಿ ಕೆಟ್ಟ ಯೋಚನೆಯೊಂದು ಹಾವಿನಂತೆ ತಲೆ ಎತ್ತಿತು. ಫೈಲುಗಳ ಹೆಸರು ತಿದ್ದುವುದು ಒಂದು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ, ಯಂತ್ರದ ತಪ್ಪು ಅಂದರಾಯಿತು. ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಎರಡೆರಡು ಮೆಟ್ಟಿಲು ಹಾರಿದಳು.

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿ, ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಎರಡೂ ಕೈಯಿಂದ ಗುದ್ದಿದಳು.

ನರ್ಸೊಬ್ಬಳು ಸಂದಿಯಲ್ಲಿ ಮುಖ ತೋರಿಸಿದಳು. "ಏನ್ರೀ ಇದು, ಸಂತೆ ಅಂದ್ಕೊಂಡ್ರಾ?"

"ನಿಲ್ಲಿಸಿ! ಅದು ಟೈಲರಮ್ಮನ ಚಿತ್ರ ಅಲ್ಲ! ಬೇರೆಯವರದ್ದು!"

ಒಳಗೆ ಲೋಹದ ತಟ್ಟೆಯ ಸದ್ದು ನಿಂತಿತು. ಸರ್ಜನ್ ಕೈಗಳನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವಳು ತೊದಲುತ್ತ, ಗಡಿಯಾರ, ಸ್ಕ್ರಿಪ್ಟು, ಏಳು ನಿಮಿಷ, ಎಲ್ಲವನ್ನೂ ಹೇಳಿ, "ತಾಳೆ ಹಾಕಿದ್ದು ನಾನೇ ಸಾರ್" ಎಂದಳು.

ಸರ್ಜನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದಿರುಗಿ, "ಅರಿವಳಿಕೆ ಕೊಟ್ಟಾಯ್ತಾ?" ಎಂದರು.

"ಇಲ್ಲ ಸಾರ್, ಸಿರಿಂಜು ಕೈಲೇ ಇದೆ."

"ಕೆಳಗಿಡಿ."

ಒಳಗಿನಿಂದ ಟೈಲರಮ್ಮನ ದನಿ ಕೇಳಿತು. "ಯಾಕ್ ಡಾಕ್ಟ್ರೇ, ಕತ್ತರಿ ಮೊಂಡಾಯ್ತಾ? ನನ್ನ ಅಂಗಡೀಲಿದೆ, ತರಿಸ್ಲಾ?"

ಸ್ಕ್ರಿಪ್ಟಕ್ಕ ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರು ಬಂತು. ಆದರೆ ಸರ್ಜನ್ ಅವಳನ್ನೇ ನೋಡುತ್ತಿದ್ದರು.

"ಈ ಕೀವಿರೋ ಹೊಟ್ಟೆ ಯಾರದು ಹಾಗಾದ್ರೆ?"

ಅವಳು ಅಷ್ಟು ದೂರ ಯೋಚಿಸಿಯೇ ಇರಲಿಲ್ಲ. ನಿನ್ನೆ ಟೈಲರಮ್ಮನ ನಂತರ ಸ್ಕ್ಯಾನಿಗೆ ಮಲಗಿದ್ದವನು ಶಾಲಾ ವ್ಯಾನಿನ ಡ್ರೈವರ್. ಅವನ ಪಾಲಿಗೆ ಬಂದಿದ್ದು ಅವನ ನಂತರ ಬಂದವರ ಚೊಕ್ಕ ಚಿತ್ರ. ಸಂಜೆ ರಿಪೋರ್ಟು ಅವನ ಕೈಗೆ ಕೊಟ್ಟವಳೂ ಅವಳೇ. "ಏನೂ ಇಲ್ಲ ಅಣ್ಣಾ, ಗ್ಯಾಸಂತೆ, ಆರಾಮಾಗಿ ಹೋಗಿ" ಎಂದಿದ್ದಳು. ಅವನು ಹೊಟ್ಟೆ ಒತ್ತಿಕೊಂಡೇ ನಕ್ಕು ಹೋಗಿದ್ದ.

"ಅದು ಒಡೆದ್ರೆ ಕೈಮೀರುತ್ತೆ," ಎಂದರು ಸರ್ಜನ್. "ಫೋನ್ ಮಾಡು. ನಾನು ಆಂಬುಲೆನ್ಸ್ ಹೊರಡಿಸ್ತೀನಿ."

ಕೆಳಗೋಡಿ ರಿಜಿಸ್ಟರಿನಿಂದ ನಂಬರು ಒತ್ತಿದಳು. ಟೆಕ್ನಿಷಿಯನ್ ಪಕ್ಕದಲ್ಲಿ ಫೋನಿಗೆ ಕಿವಿಗೊಟ್ಟು ನಿಂತ. ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು. ಏಳನೇ ರಿಂಗಿಗೆ ಹೆಂಗಸಿನ ದನಿ.

"ಯಾರು? ಅವರಾ? ಮಲಗಿದಾರೆ. ನೋವು ಹೋಯ್ತು, ಈಗ ಹಗುರಾಯ್ತು ಅಂದು ಬೆಳಗ್ಗೆ ಮಲಗಿದೋರು ಎದ್ದೇ ಇಲ್ಲ. ಏನೂ ಇಲ್ಲ ಅಂದಿದ್ರಲ್ಲ ಆಸ್ಪತ್ರೆಯಲ್ಲಿ, ಅದಕ್ಕೇ ಎಬ್ಬಿಸಿಲ್ಲ."

ನೋವು ಹೋಯ್ತು ಅನ್ನುವ ಮಾತು ಕೇಳಿ ಟೆಕ್ನಿಷಿಯನ್ ಕಣ್ಣು ಮುಚ್ಚಿಕೊಂಡ. ಪಿತ್ತಕೋಶ ಒಡೆದಾಗ ಮೊದಲು ನೋವು ಇಳಿದಂತಾಗುತ್ತದೆಂದು ಅವನಿಗೆ ಗೊತ್ತಿತ್ತು.

"ಅಕ್ಕಾ, ಈಗಲೇ ಎಬ್ಬಿಸಿ. ಫೋನ್ ಇಡಬೇಡಿ. ಕೈ ಮುಟ್ಟಿ ನೋಡಿ."

ಚಪ್ಪಲಿಯ ಸದ್ದು ಒಳಕೋಣೆಗೆ ಹೋಯಿತು. "ರೀ... ರೀ, ಏಳ್ರೀ." ಮಂಚ ಕಿರುಗುಟ್ಟಿತು. ಆಮೇಲೆ ಬಾವಿಯ ತಳದಿಂದ ಬಂದಂತೆ ಗಂಡಸಿನ ನರಳಾಟವೊಂದು ಕೇಳಿತು.

"ಮೈಯೆಲ್ಲ ಕೆಂಡ ಕಣಮ್ಮಾ! ಮಾತಾಡ್ತಿಲ್ಲ! ನೀವ್ಯಾರು ಹೇಳ್ತಿರೋದು?"

"ಅವರನ್ನ ಎತ್ತಿ ಕೂರಿಸಬೇಡಿ, ನೀರೂ ಕೊಡಬೇಡಿ. ಬಾಗಿಲು ತೆಗೆದಿಡಿ, ಆಂಬುಲೆನ್ಸ್ ಹೊರಟಿದೆ," ಎಂದಳು ಸ್ಕ್ರಿಪ್ಟಕ್ಕ. "ನಿನ್ನೆ ಅವರಿಗೆ ತಪ್ಪು ರಿಪೋರ್ಟು ಕೊಟ್ಟೋಳು ನಾನು. ಆಂಬುಲೆನ್ಸ್ ಬಂದು ಮುಟ್ಟೋತನಕ ಫೋನಲ್ಲೇ ಇರ್ತೀನಿ, ಬೈಯಬೇಕು ಅನ್ಸಿದ್ರೆ ಬೈತಾ ಇರಿ ಅಕ್ಕಾ."

ಆ ಕಡೆಯಿಂದ ಬೈಗುಳ ಬರಲಿಲ್ಲ. ನರಳಾಟ ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು. ಅದು ನಿಂತಾಗಲೆಲ್ಲ ಸ್ಕ್ರಿಪ್ಟಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದಳು.