ಏಳನೆಯವನು

ಅಧ್ಯಕ್ಷರ ಚುನಾವಣೆಗೆ ನಮ್ಮ ಪಕ್ಷದಿಂದ ಯಾರು ನಿಲ್ಲಬೇಕೆಂದು ಕೇಳುವ ಚೀಟಿ ಈ ಸಲ ಅಂಚೆಯಲ್ಲಿ ಬಂತು. ಅಡುಗೆಮನೆಯಲ್ಲಿ ಕೂತು ಒಂದು ಗುರುತು ಹಾಕಿ, ಲಕೋಟೆ ಅಂಟಿಸಿದರೆ ಮುಗಿಯಿತಂತೆ. ಸುಖವೋ ಸುಖ. ಮೂವತ್ತೆರಡು ವರ್ಷ ನಮ್ಮೂರಿನ ಕಾಕಸ್ ಸಭೆ ನಡೆಸಿದವಳು ನಾನು; ಈ ಸುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಗ ನಮ್ಮ ಅಯೋವಾ ರಾಜ್ಯದಲ್ಲಿ ಮತ ಹಾಕುವುದೆಂದರೆ ಎದ್ದು ನಿಲ್ಲುವುದು. ಫೆಬ್ರವರಿಯ ಹಿಮ ತುಳಿದುಕೊಂಡು ಸಂಜೆ ಏಳಕ್ಕೆ ಶಾಲೆಯ ಊಟದ ಹಾಲ್‌ಗೆ ಬರಬೇಕು. ನಿಮ್ಮ ಅಭ್ಯರ್ಥಿಗೆಂದು ಗೊತ್ತುಮಾಡಿದ ಮೂಲೆಯಲ್ಲಿ, ಊರವರೆಲ್ಲರ ಕಣ್ಣೆದುರು ನಿಲ್ಲಬೇಕು. ಗುಟ್ಟು ಎನ್ನುವ ಮಾತೇ ಇರಲಿಲ್ಲ. ಪಕ್ಷದ ಖರ್ಚಿಗೆಂದು ಖಾಲಿ ಕಾಫಿ ಡಬ್ಬಿಯೊಂದು ಕೈಯಿಂದ ಕೈಗೆ ಸುತ್ತುತ್ತಿತ್ತು. ಒದ್ದೆ ಕೋಟುಗಳ, ಕುದಿದು ಕುದಿದು ಕಹಿಯಾದ ಕಾಫಿಯ ಆ ವಾಸನೆ ಈಗಲೂ ಮೂಗಿನಲ್ಲಿದೆ.

ನಮ್ಮಪ್ಪ ಓರಿನ್, ಅಧ್ಯಕ್ಷನಾಗಲು ಹೊರಟಿದ್ದ ಸೆನೆಟರ್ ಒಬ್ಬನಿಗೆ ಮನಸೋತ ವರ್ಷದ ಮಾತು ಇದು. ಆ ಮನುಷ್ಯನ ಹತ್ತಿರ ದುಡ್ಡಿರಲಿಲ್ಲ. ಟಿವಿ ಜಾಹೀರಾತಂತೂ ದೂರದ ಮಾತು. ಅಪ್ಪ ತನ್ನ ಪಿಕಪ್‌ನಲ್ಲೇ ಅವನನ್ನು ಕೂರಿಸಿಕೊಂಡು ಮನೆಮನೆ ಸುತ್ತಿದ. ಸೆನೆಟರ್ ಎರಡು ದಿನ ನಮ್ಮ ಸೋಫಾದ ಮೇಲೆ ಕಾಲು ಮಡಚಿ ಮಲಗಿದ್ದ. ತಿಂದ ತಟ್ಟೆ ತಾನೇ ತೊಳೆದಿಟ್ಟ.

"ತಟ್ಟೆ ತೊಳೆದ ಅಂತ ಓಟು ಹಾಕ್ತಾರಾ ಅಪ್ಪ?" ಅಂದೆ.

"ನಿನ್ ಗಂಡ ಒಂದಿನ ತೊಳ್ದಿದಾನಾ, ಲವೋನ್?" ಅಂದ.

ಆ ಸಂಜೆ ನಲವತ್ತಮೂರು ಜನ ಬಂದಿದ್ದರು. ನಾನೇ ಎಣಿಸಿದೆ. ಒಂದು ಮೂಲೆಯಲ್ಲಿ ಇಪ್ಪತ್ತೊಂದು, ಇನ್ನೊಂದರಲ್ಲಿ ಹದಿನಾರು, ಅಪ್ಪನ ಮೂಲೆಯಲ್ಲಿ ಆರು. ಅಷ್ಟು ಜನರಲ್ಲಿ ಏಳು ಮಂದಿಯೂ ಇಲ್ಲದ ಗುಂಪು ಲೆಕ್ಕಕ್ಕಿಲ್ಲ. ಹದಿನೈದು ನಿಮಿಷದೊಳಗೆ ಯಾರನ್ನಾದರೂ ಕೇಳಿ ಕರೆತರಬೇಕು, ಇಲ್ಲವೇ ಮೂಲೆ ಬಿಟ್ಟು ಬೇರೆಯವರ ಜೊತೆ ಸೇರಬೇಕು. ಹೆತ್ತ ಅಪ್ಪನಿಗೆ ನಾನೇ ಆ ನಿಯಮ ಓದಿ ಹೇಳಿದೆ.

ಅಪ್ಪನ ಗುಂಪಿನವರು ಕಂಡಕಂಡವರನ್ನೆಲ್ಲ ಕೇಳಿದರು. ಯಾರೂ ಜಗ್ಗಲಿಲ್ಲ. ಕೇಳದೆ ಉಳಿದವನು ಒಬ್ಬನೇ: ದೊಡ್ಡ ಗುಂಪಿನಲ್ಲಿ, ಮಕ್ಕಳ ಹಾಲು ಇಡುವ ಫ್ರಿಜ್ ಪಕ್ಕ ನಿಂತಿದ್ದ ನನ್ನ ಚಿಕ್ಕಪ್ಪ ಡೆಲ್ಮರ್. ಅವನೊಬ್ಬ ಈ ಕಡೆ ಬಂದರೆ ಆ ಗುಂಪಿಗೇನೂ ನಷ್ಟವಿರಲಿಲ್ಲ. ಆದರೆ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಜ್ಜನ ಹಳೆಯ ಟ್ರ್ಯಾಕ್ಟರನ್ನು ಚಿಕ್ಕಪ್ಪ ಮಾರಿಬಿಟ್ಟಿದ್ದ. ಮಾರಿದ್ದಕ್ಕಲ್ಲ ಅಪ್ಪನ ಸಿಟ್ಟು. "ನನ್ನ ಒಂದ್ ಮಾತು ಕೇಳ್ಲಿಲ್ಲ ಅವನು" ಎಂದು ಪ್ರತಿ ಕ್ರಿಸ್‌ಮಸ್‌ಗೂ ಹೇಳುತ್ತಿದ್ದ.

ಸಭೆ ನಡೆಸುವವಳು ನಡುವೆ ಬಾಯಿ ಹಾಕುವಂತಿಲ್ಲ. ಗೋಡೆ ಗಡಿಯಾರ ನೋಡುತ್ತ "ಇನ್ನು ನಾಲ್ಕು ನಿಮಿಷ" ಎಂದೆ. ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಅಪ್ಪ ಟೋಪಿ ತೆಗೆದ. ಹಾಲ್‌ನ ಉದ್ದಕ್ಕೂ ನಡೆದು ಹೋಗಿ ಆ ಫ್ರಿಜ್ ಮುಂದೆ ನಿಂತ.

"ಒಬ್ರು ಕಮ್ಮಿ ಬೀಳ್ತಿದಾರೆ ಕಣೋ," ಅಂದ.

"ಯಾರಿಗೆ? ಆ ಸೆನೆಟರ್‌ಗಾ?" ಚಿಕ್ಕಪ್ಪ ಕೇಳಿದ.

ಅಪ್ಪ ಟೋಪಿಯ ಅಂಚನ್ನು ತಿರುಗಿಸುತ್ತ ನಿಂತ. "ನನಗೆ," ಅಂದ.

"ಅವನು ಬರೀ ದಡ್ಡ ಅಂತೀನಿ ನಾನು."

"ಗೊತ್ತು."

"ಗೊತ್ತಿದ್ದೂ ಕೇಳ್ತಿದೀಯಾ?"

"ಕೇಳ್ತಾ ಇದೀನಿ."

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟ. "ನಾನೂ ಅವತ್ತು ಕೇಳ್ಬೇಕಿತ್ತು," ಅಂದ. ಇಬ್ಬರೂ ಜೊತೆಯಾಗಿ ನಡೆದು ಬಂದರು. ನಾನು ಮತ್ತೆ ಎಣಿಸಿದೆ. ಏಳು. ನಾನು ಲೆಕ್ಕ ಬರೆದ ಆ ಹಾಳೆಯಲ್ಲಿ ಏಳರ ಅಂಕಿ ಸೊಟ್ಟಗೇ ಇದೆ.

ಹದಿನೈದು ದಿನಕ್ಕೆ ಸೆನೆಟರ್ ಕಣದಿಂದ ಹಿಂದೆ ಸರಿದ. ಅಪ್ಪ ಅದಕ್ಕೆ ಅಷ್ಟೇನೂ ಕೊರಗಲಿಲ್ಲ. ಚಿಕ್ಕಪ್ಪ ಪ್ರತಿ ಭಾನುವಾರ ಊಟಕ್ಕೆ ಬರತೊಡಗಿದ. ಅಪ್ಪ ಸಾಯುವವರೆಗೆ, ಹತ್ತೊಂಬತ್ತು ವರ್ಷ, ಆ ದಡ್ಡನ ಬಗ್ಗೆ ಇಬ್ಬರೂ ಜಗಳವಾಡಿದರು. ಅಷ್ಟು ಚಂದದ ಜಗಳ ನಾನು ಮತ್ತೆ ಕೇಳಿಲ್ಲ.

ಈಗ ಚಿಕ್ಕಪ್ಪನಿಗೆ ತೊಂಬತ್ತೊಂದು. ಮೊನ್ನೆ ಭಾನುವಾರ ತನ್ನ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತ. ಪೆನ್ನು ಮುಟ್ಟಲಿಲ್ಲ.

"ಹಾಕು ಚಿಕ್ಕಪ್ಪ, ನಿಂಗೆ ಯಾರು ಬೇಕೋ ಅವರಿಗೆ," ಅಂದೆ.

"ಹಂಗೆಲ್ಲ ಹಾಕಕ್ಕಾಗಲ್ಲಮ್ಮ. ಯಾರಾದ್ರೂ ಬಂದು ಕೇಳ್ಬೇಕು."

ನಾನು ಒಲೆ ಆರಿಸಿದೆ. ನಮ್ಮ ಅಡುಗೆಮನೆ ಉದ್ದಕ್ಕೆ ನಾಲ್ಕೇ ಹೆಜ್ಜೆ. ಅಪ್ಪ ನಡೆದಂತೆ ನಿಧಾನವಾಗಿ ನಡೆದು ಅವನ ಮುಂದೆ ನಿಂತೆ.

"ಒಬ್ರು ಕಮ್ಮಿ ಬೀಳ್ತಿದಾರೆ," ಅಂದೆ.

"ಯಾರಿಗಮ್ಮ?"

"ನನಗೆ."

ಚಿಕ್ಕಪ್ಪ ಪೆನ್ನು ಎತ್ತಿಕೊಂಡ.