ಹಿಕ್ಕೆಯಲ್ಲಿ ಬಂದ ಜಾಲಿ

ರೋಹಿಣಿ ಮಳೆ ಇನ್ನೂ ಬಿದ್ದಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಅನಂತಪುರದ ಹಳ್ಳದ ದಂಡೆಯಲ್ಲಿ ಸಕೀನಾಬಿ ಜಾಲಿಯ ಟೊಂಗೆ ಜಗ್ಗಿ ತನ್ನ ಆಡುಗಳಿಗೆ ಕಾಯಿ ಉದುರಿಸುತ್ತಿದ್ದಳು. ಬೇಲಿಗೆಂದು ಯಾರೋ ಎಂದೋ ಪರದೇಶದ ಬೀಜ ತಂದು ಹಾಕಿದ ಗಿಡವದು. ಅವಳು ಕಣ್ಣು ಬಿಟ್ಟಾಗಿನಿಂದ ಹಳ್ಳದ ತುಂಬ ಅದೇ ಇದೆ, ಆದರೂ ಊರ ಬಾಯಲ್ಲಿ ಇನ್ನೂ ವಿಲಾಯತಿ ಜಾಲಿ. ಬೇಸಿಗೆಯಲ್ಲಿ ಆಡು ಬದುಕುವುದು ಅದರ ಹಳದಿ ಕಾಯಿಯ ಮೇಲೆ.

ಪಕ್ಕದ ಹೊಲದ ಮುರಗೆಪ್ಪ ಹೆಂಡತಿ ರುಕ್ಮವ್ವನ ಜೊತೆ ಬದುವಿನ ಮೇಲೆ ಬಂದು ನಿಂತ. ಮಳೆಗೆ ಮುಂಚೆ ಸಕೀನಾಬಿ ತನ್ನ ಆಡುಗಳನ್ನು ಅವನ ಹೊಲದಲ್ಲಿ ರಾತ್ರಿ ತರುಬಿ ಮಲಗಿಸುವುದು ವಾಡಿಕೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಸುಗ್ಗಿ ಮುಗಿದ ಮೇಲೆ ಕೂಳೆ ಮೇಯಿಸಲು ಅವಳಿಗೆ ಅಡ್ಡಿಯಿಲ್ಲ.

"ಸಕೀನಾ, ಮೋಡ ಕಟ್ಟೈತಿ ನೋಡು. ಇವತ್ತ ಹೊಡಕೊಂಡ ಬಾ."

"ಕಾಯಿ ತಿಂದಾವಣ್ಣಾ. ನಾಕೈದ ದಿನ ಒಣ ಮೇವು ಹಾಕಿ, ಬೀಜ ಎಲ್ಲಾ ಹೊರಗ ಬಿದ್ದು ಹೊಟ್ಟಿ ತೊಳದ ಮ್ಯಾಲ ತರತೀನಿ."

"ಆಡಿನ ಹೊಟ್ಟಿಗೂ ರೋಜಾ ಇಡಸಾಕತ್ತಿ ಏನ? ಕಲ್ಲ ತಿಂದ್ರೂ ಕರಗಸ್ತಾವ ಅವು. ಬಾ ಸುಮ್ನ."

ಹೊಲದವನ ಮಾತು. ಅವಳು ಹೊಡೆದುಕೊಂಡು ಹೋದಳು.

ಮಳೆ ಬಿತ್ತು. ತೊಗರಿಯ ಸಾಲಿನ ನಡುವೆ, ಹಿಕ್ಕೆ ಬಿದ್ದಲ್ಲೆಲ್ಲ ಜಾಲಿ ಹುಟ್ಟಿತು. ಸಕೀನಾಬಿಯೂ ಹೋಗಿ ಕಿತ್ತಳು. ಮೇಲೆ ಕಿತ್ತರೆ ಬುಡದಿಂದ ಮತ್ತೆ ಚಿಗುರಿತು. ದಸರೆ ಹೊತ್ತಿಗೆ ಮುಳ್ಳು ಬಲಿತು ಚಪ್ಪಲಿ ದಾಟಿ ಅಂಗಾಲಿಗೆ ನಾಟತೊಡಗಿತು. ಆಳುಗಳು ಆ ಹೊಲಕ್ಕೆ ಇಳಿಯಲು ಒಲ್ಲೆಂದರು.

"ಇನ್ನ ನಿನ್ನ ಆಡು ಈ ಹೊಲಾ ತುಳೀಬಾರ್ದು," ಅಂದ ಮುರಗೆಪ್ಪ.

ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದ ರುಕ್ಮವ್ವ ತಲೆ ಎತ್ತಲಿಲ್ಲ. "ಅಕಿ ಬ್ಯಾಡ ಅಂದ್ಲಲ್ಲರಿ. ನೀವ ಕರದ್ರಿ."

"ಅಂದ್ಲು. ಅಂದದ್ದಕ್ಕ ಮುಳ್ಳ ಹೋಗತೈತೇನು?"

ಸಕೀನಾಬಿ ಬದು ದಾಟಿ ಹಳ್ಳದ ಕಡೆ ನಡೆದಳು.

ಒಬ್ಬ ಹೊಲದವನು ಬೇಡವೆಂದ ಆಡನ್ನು ಮತ್ತೊಬ್ಬ ಒಳಗೆ ಬಿಡುವುದಿಲ್ಲ. ಸುಗ್ಗಿ ಮುಗಿದರೂ ಯಾರ ಕೂಳೆಯೂ ಸಿಗಲಿಲ್ಲ. ಆಡುಗಳ ಪಕ್ಕೆಲುಬು ಕಂಡವು. ಜಾಲಿ ಕಾಯಿ ಬಲಿಯಲು ಇನ್ನೂ ಬಹಳ ದಿನವಿತ್ತು.

"ಚಿಂಚಲಿ ಗುರಪ್ಪಗ ಮಾರಿ ಅವನ ಹಿಂಡಿಗೆ ಕೂಡಿಸಿಬಿಡೂಣು," ಅಂದ ಗಂಡ ಮಲಿಕಸಾಬ. "ಇಲ್ಲಿ ಸಾಯೂದಕಿಂತ ಅಲ್ಲಿ ತಿರಗಲಿ."

"ಹೂಂ."

ಗುರಪ್ಪ ಬಂದು ಒಂದೊಂದರ ಬಾಯಿ ತೆರೆದು ಹಲ್ಲು ನೋಡಿದ. "ಏನ ತಿಂತಾವಬೇ ಇವು?"

"ಸಿಕ್ಕಿದ್ದ."

ಕಪ್ಪು-ಬಿಳಿ ಮಚ್ಚೆಯ ಹಂಡ ಆಡು ಮುಂದೆ ನಡೆಯಿತು, ಉಳಿದವು ಅದರ ಹಿಂದೆ. ಮರಿಗಳೂ ಒದರಲಿಲ್ಲ. ಸಕೀನಾಬಿ ಹಟ್ಟಿ ಗುಡಿಸಿ ರೊಟ್ಟಿ ಬಡಿಯಲು ಕುಳಿತಳು. ಆಡುಗಳು ಹೋದದ್ದು ಶಿವರಾತ್ರಿ ಅಮಾವಾಸ್ಯೆಯ ಮರುದಿನ, ಬುಧವಾರ.